ಆರನೇ ತಿಂಗಳು, ನಡ ನೋವು, ಸುಮ್ನೆ ಅಳು: ಗುಳಿಗೆ ಇಲ್ಲದೆ ಏನು ಮಾಡಬಹುದು?

ಕಲಬುರಗಿ ಸೊಸೆ:
ಎಲ್ಲರಿಗೂ ನಮಸ್ಕಾರ. ನನಗೆ ಈಗ ಆರನೇ ತಿಂಗಳು, ಮೊದಲನೇ ಬಸುರಿ. ನಡ ಬಹಳ ನೋಯುತ್ತದೆ, ರಾತ್ರಿ ಮಗ್ಗಲು ಬದಲಿಸುವುದರಲ್ಲೇ ಬೆಳಗಾಗುತ್ತದೆ. ಅದಕ್ಕಿಂತ ಜಾಸ್ತಿ ಚಿಂತೆ ಎಂದರೆ, ಕಾರಣವೇ ಇಲ್ಲದೆ ಅಳು ಬರುತ್ತದೆ. ಅತ್ತೆ ಒಳ್ಳೆಯವರು, ಆದರೆ ವಾಕಿಂಗ್ ಹೋಗುತ್ತೇನೆ ಅಂದರೆ "ಕೂಸಿಗಿ ತ್ರಾಸ ಆಗ್ತದ, ಸುಮ್ನ ಮಲ್ಕೊ" ಅನ್ನುತ್ತಾರೆ. ವ್ಯಾಯಾಮ, ಯೋಗ ಮಾಡಬಹುದಾ? ಈ ಬಿಸಿಲಲ್ಲಿ ಹೇಗೆ?

ಯಾದಗಿರಿ ಫಿಸಿಯೋ:
ಮಾಡಬಹುದು ತಂಗಿ. ಆದರೆ ಮೊದಲು ನಿಮ್ಮ ಡಾಕ್ಟರ್ ಹತ್ತಿರ ಕೇಳಿ. ಬಿಪಿ ಜಾಸ್ತಿ ಇದ್ದರೆ, ರಕ್ತ ತೀರಾ ಕಡಿಮೆ ಇದ್ದರೆ, ಮಾಸು (ಪ್ಲಾಸೆಂಟಾ) ಗರ್ಭಕೋಶದಲ್ಲಿ ಕೆಳಗಿದ್ದರೆ ಮಾತು ಬೇರೆ. ಇವು ಯಾವುದೂ ಇಲ್ಲದಿದ್ದರೆ ವಾರಕ್ಕೆ ಒಟ್ಟು 150 ನಿಮಿಷ ಮಿತವಾದ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ಹೇಳಿದೆ. ನಡೆಯುತ್ತಾ ಮಾತಾಡಲು ಆಗಬೇಕು, ಏದುಸಿರು ಬಂದರೆ ವೇಗ ಜಾಸ್ತಿ ಆಯಿತು ಅಂತ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಹಾಗಾಗಿ ಬೆಳಿಗ್ಗೆ ಬಿಸಿಲೇರುವ ಮೊದಲೇ ಹೋಗಿ, ನೀರಿನ ಬಾಟಲಿ ಜೊತೆಗಿರಲಿ.

ನಡ ನೋವು ಏಕೆಂದರೆ, ಬಸುರಿನಲ್ಲಿ ಕೀಲುಗಳ ಕಟ್ಟು ಸಡಿಲವಾಗುತ್ತದೆ, ಹೊಟ್ಟೆಯ ಭಾರ ಮುಂದಕ್ಕೆ ಎಳೆಯುತ್ತದೆ. ಅಂಗೈ, ಮೊಣಕಾಲು ಊರಿ ಬೆನ್ನನ್ನು ನಿಧಾನವಾಗಿ ಮೇಲೆತ್ತಿ ಇಳಿಸಿ. ಮಗ್ಗುಲಾಗಿ ಮಲಗಿ, ಮೊಣಕಾಲುಗಳ ನಡುವೆ ದಿಂಬು ಇಡಿ. ಅಂಗಾತ ಮಲಗಿ ಮಾಡುವ ವ್ಯಾಯಾಮ ಈಗ ಬೇಡ. ಹೊಟ್ಟೆ ತಿರುಚುವ ಆಸನ, ಕಪಾಲಭಾತಿ, ಉಸಿರು ಕಟ್ಟುವುದು ಬೇಡವೇ ಬೇಡ. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಖಾಲಿ ಕೂತಾಗ ಬಿಗಿಹಿಡಿದು ಬಿಡುವುದನ್ನು ಕಲಿತುಕೊಳ್ಳಿ, ಕೆಮ್ಮಿದಾಗ ಮೂತ್ರ ಸೋರುವ ತೊಂದರೆ ಕಡಿಮೆಯಾಗುತ್ತದೆ.

ರಕ್ತ ಕಂಡರೆ, ಗರ್ಭದ ನೀರು ಹೋದರೆ, ತಲೆ ಸುತ್ತಿದರೆ, ಎದೆ ನೋವು ಬಂದರೆ, ಒಂದೇ ಮೀನಖಂಡ ಊದಿ ನೋವಾದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಕೂಸಿನ ಅಲುಗಾಟ ಕಡಿಮೆ ಅನ್ನಿಸಿದರೂ ಕಾಯಬೇಡಿ. ಇನ್ನೊಂದು, ಡಾಕ್ಟರ್ ಕೊಟ್ಟ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಮಾತ್ರ ಬಿಡಬೇಡಿ!

ಬೀದರ್ ಅಕ್ಕ:
ನನಗೆ ಎರಡು ಮಕ್ಕಳು. ಒಲೆ ಮುಂದೆ ಕೂತು ರೊಟ್ಟಿ ಬಡಿಯುವುದನ್ನು ಬಿಟ್ಟು ಕಟ್ಟೆ ಮೇಲೆ ನಿಂತು ಮಾಡತೊಡಗಿದ ಮೇಲೆ ನನ್ನ ನಡ ಎಷ್ಟೋ ಹಗುರಾಯಿತು, ಮಧ್ಯೆ ಮಧ್ಯೆ ಕುರ್ಚಿಯಲ್ಲಿ ಕೂರುತ್ತಿದ್ದೆ.

ಅಳುವಿನ ಬಗ್ಗೆ ಹೇಳಲೇಬೇಕು. ಒಂದೆರಡು ದಿನದ ಬೇಸರ ಎಲ್ಲರಿಗೂ ಬರುತ್ತದೆ. ಎರಡು ವಾರ ಬಿಡದೆ ಹಿಡಿದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ, ಅದು ಖಿನ್ನತೆ ಇರಬಹುದು. ಮಾತಿನ ಚಿಕಿತ್ಸೆಯಿಂದ ಎಷ್ಟೋ ಜನಕ್ಕೆ ಗುಣವಾಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ. ಬದುಕೇ ಬೇಡ ಅನ್ನಿಸಿದರೆ ಒಂದು ಗಳಿಗೆಯೂ ಒಬ್ಬಳೇ ಇರಬೇಡ, ಮನೆಯವರನ್ನು ಎಬ್ಬಿಸು.

ಕಲಬುರಗಿ ಸೊಸೆ:
ಅಷ್ಟು ದೂರ ಹೋಗಿಲ್ಲ ಅಕ್ಕಾ, ಆದರೂ ನಾಳೆ ಫೋನ್ ಮಾಡುತ್ತೇನೆ. ಅತ್ತೆಗೆ ಹೇಗೆ ಹೇಳಲಿ?

ಬೀದರ್ ಅಕ್ಕ:
ನೀನು ಹೇಳಬೇಡ, ಡಾಕ್ಟರ್ ಹೇಳಲಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ತೆಗೆದುಕೊಂಡು ಅತ್ತೆಯನ್ನೂ ಒಳಗೆ ಕರೆದುಕೊಂಡು ಹೋಗು, ಅವರ ಎದುರಿಗೇ ಕೇಳು. ಆಮೇಲೆ ವಾಕಿಂಗ್‌ಗೂ ಅವರನ್ನೇ ಜೊತೆಗೆ ಕರಿ.