ಮುತ್ತಜ್ಜನಿಗಿಂತ ಹಿಂದಿನ ವಂಶಾವಳಿ ಹುಡುಕುವುದು ಹೇಗೆ?

ಪ್ರಶ್ನೆ (ಆಳಂದ):
ಶರಣು. ಇಂಗ್ಲೆಂಡಿನ ಹಳ್ಳಿಗಳ ಚರ್ಚುಗಳಲ್ಲಿ 1538ರಿಂದಲೇ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂಬ ಆಜ್ಞೆಯಿದ್ದುದರಿಂದ, ಅಲ್ಲಿ ಸಾಮಾನ್ಯ ಕೂಲಿಕಾರನ ಮನೆತನವನ್ನೂ ಎಷ್ಟೋ ತಲೆಮಾರು ಹಿಂದಕ್ಕೆ ಹಿಡಿಯಬಹುದು. ನನಗೋ ಮುತ್ತಜ್ಜನ ಹೆಸರಿನಾಚೆ ಏನೂ ತಿಳಿಯದು. ಎಲ್ಲಿಂದ ಆರಂಭಿಸಲಿ?

ಉತ್ತರ (ಬೀದರ್):
ಹೊಲದಿಂದ ಆರಂಭಿಸಿರಿ. ತಹಶೀಲ ಕಚೇರಿಯಲ್ಲಿ 1954-55ರ ಖಾಸ್ರಾ ಪಹಣಿ, ಅದಕ್ಕೂ ಹಳೆಯ ಸೇತ್ವಾರ (ಭೂಮಾಪನದ ದಾಖಲೆ) ಸಿಕ್ಕರೆ, ಸರ್ವೆ ನಂಬರಿನ ಮುಂದೆ ಪಟ್ಟೇದಾರನ (ಹೊಲದೊಡೆಯನ) ಹೆಸರು ಇರುತ್ತದೆ. ನಿಜಾಮರ ಕಾಲದವು ಉರ್ದುವಿನಲ್ಲಿರುವುದರಿಂದ ಓದಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅವುಗಳಲ್ಲಿರುವ ಫಸಲಿ (ಕಂದಾಯದ) ವರ್ಷಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಫಸಲಿ 1340 ಎಂದರೆ 1930-31. ಇದನ್ನರಿಯದೆ ನಾನು ನಮ್ಮಜ್ಜನನ್ನು ಬಹಮನಿ ಸುಲ್ತಾನರ ಕಾಲಕ್ಕೆ ಕಳಿಸಿಬಿಟ್ಟಿದ್ದೆ!

ಉತ್ತರ (ಶಹಾಪುರ):
ಹೊಲವಿಲ್ಲದವರಿಗೆ ಪಹಣಿಯಿಂದ ಪ್ರಯೋಜನವಿಲ್ಲ. ಅಂಥವರು, ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವ ಹೆಳವರನ್ನು ಕೇಳಬೇಕು. ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಬಂದ ಹೆಳವರು ಕಟ್ಟೆಯ ಮೇಲೆ ಕುಳಿತು, ಅಂಚು ಹರಿದ ವಹಿ ಬಿಚ್ಚಿ, ಏಳು ತಲೆಯ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಜೋಳ ಅಳೆಸಿಕೊಂಡು ಹೋದರು. ಆದರೆ ಆ ವಹಿಯಲ್ಲಿ ಹೆಣ್ಣುಮಕ್ಕಳ ಹೆಸರೇ ಇರಲಿಲ್ಲ. ಅವನ್ನು ನಮ್ಮವ್ವನ ಸೋದರತ್ತೆಯ ಬಾಯಿಂದ ಬರೆದುಕೊಂಡೆ.

ಪ್ರಶ್ನೆ ಕೇಳಿದವರು:
ಉರ್ದು ಬಲ್ಲ ನಿವೃತ್ತ ಮಾಸ್ತರರೊಬ್ಬರು ನಮ್ಮ ಓಣಿಯಲ್ಲೇ ಇದ್ದಾರೆ. ಸೋಮವಾರ ಅವರೊಂದಿಗೆ ತಹಶೀಲಿಗೆ ಹೋಗುತ್ತೇನೆ.