ಕುಂಡದ ಮಣ್ಣಿನ ಚೀಲ ಬಿಚ್ಚುವಾಗ ಏಳುವ ಧೂಳು ವಯಸ್ಸಾದವರಿಗೆ ಅಪಾಯವೇ?

ಪ್ರಶ್ನೆ (ತುಮಕೂರು)

ನಮ್ಮ ಮನೆಯ ತಾರಸಿ ತೋಟದ ಕೆಲಸವನ್ನೆಲ್ಲ ಮಾವನವರೇ ನೋಡಿಕೊಳ್ಳುತ್ತಾರೆ. ಅವರಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ, ಬಹಳ ವರ್ಷ ಬೀಡಿಯನ್ನೂ ಸೇದಿದವರು. ನರ್ಸರಿಯಿಂದ ತಂದ ಮಣ್ಣು ಮತ್ತು ಎರೆಗೊಬ್ಬರದ ಚೀಲಗಳನ್ನು ತಗಡಿನ ಶೀಟಿನ ಕೆಳಗೆ ಇಟ್ಟಿದ್ದೆವು. ಮೊನ್ನೆ ಒಂದರ ಬಾಯಿ ಬಿಚ್ಚಿದಾಗ ಒಳಗಿನಿಂದ ಬಿಸಿ ಮುಗ್ಗಲು ವಾಸನೆ ಬಂದಿತು, ಗೊಬ್ಬರದ ಮೇಲೆ ಬಿಳಿ ಬೂಷ್ಟು ಕಾಣಿಸಿತು, ಬಕೆಟ್ಟಿಗೆ ಸುರಿಯುವಾಗ ಧೂಳೂ ಎದ್ದಿತು. ಮಾವನವರು ಬರಿಗೈಯಲ್ಲೇ ಕಲಸುತ್ತಾರೆ. ಅವರನ್ನು ತಡೆಯಬೇಕೇ, ಅಥವಾ ಕೈ ತೊಳೆದರೆ ಸಾಕೇ?

ಉತ್ತರ 1 (ಚಿಕ್ಕಬಳ್ಳಾಪುರ, ಆಸ್ಪತ್ರೆಯಲ್ಲಿ ಶುಶ್ರೂಷಕಿ)

ತಡೆಯಬೇಕಾಗಿಲ್ಲ, ಆದರೆ ಕೈ ತೊಳೆಯುವುದೊಂದೇ ಸಾಲದು. ಇಲ್ಲಿ ಮುಖ್ಯ ಆತಂಕ ಉಸಿರಿನೊಂದಿಗೆ ಒಳಗೆ ಹೋಗುವ ಧೂಳಿನದು. ಕುಂಡದ ಮಣ್ಣು ಮತ್ತು ಕಾಂಪೋಸ್ಟಿನಲ್ಲಿ ಲೀಜಿಯೊನೆಲ್ಲಾ ಲಾಂಗ್‌ಬೀಚಿ ಎಂಬ ಬ್ಯಾಕ್ಟೀರಿಯಾ ಇರಬಹುದು, ಮತ್ತು ಅದು ಶ್ವಾಸಕೋಶ ಸೇರಿದರೆ ತೀವ್ರ ನ್ಯುಮೋನಿಯಾ ತರಬಲ್ಲದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಇಂತಹ ಪ್ರಕರಣಗಳು ಕಂಡುಬಂದ ಕಾರಣ ಅಲ್ಲಿನ ಚೀಲಗಳ ಮೇಲೆ ಎಚ್ಚರಿಕೆಯನ್ನು ಮುದ್ರಿಸುತ್ತಾರೆ. ಆರೋಗ್ಯವಂತರಿಗೆ ಈ ರೋಗ ಬರುವುದು ಅಪರೂಪ. ಆದರೆ 50 ದಾಟಿದವರು, ಧೂಮಪಾನಿಗಳು, ಮಧುಮೇಹಿಗಳು ಮತ್ತು ಶ್ವಾಸಕೋಶದ ಕಾಯಿಲೆ ಇರುವವರು ಹೆಚ್ಚು ಎಚ್ಚರದಿಂದಿರಬೇಕು, ಮತ್ತು ನಿಮ್ಮ ಮಾವನವರು ಈ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಬರುತ್ತಾರೆ.

ಗೊಬ್ಬರದ ಕೆಲಸ ಮಾಡಿದ ಒಂದೆರಡು ವಾರದೊಳಗೆ ಜ್ವರ, ಕೆಮ್ಮು, ಮೈಕೈ ನೋವು, ಏದುಸಿರು ಕಾಣಿಸಿಕೊಂಡರೆ ವೈದ್ಯರಿಗೆ ಆ ಕೆಲಸದ ವಿಷಯವನ್ನು ತಪ್ಪದೇ ತಿಳಿಸಿ. ಪೆನಿಸಿಲಿನ್ ಗುಂಪಿನ ಔಷಧಗಳು ಈ ರೋಗಾಣುವಿನ ಮೇಲೆ ಕೆಲಸ ಮಾಡುವುದಿಲ್ಲ, ಲೀಜಿಯೊನೆಲ್ಲಾ ಪತ್ತೆಗೆ ಸಾಮಾನ್ಯವಾಗಿ ಬಳಸುವ ಮೂತ್ರ ಪರೀಕ್ಷೆಯಲ್ಲೂ ಈ ಜಾತಿ ಸಿಕ್ಕದೇ ಹೋಗಬಹುದು. ಆದ್ದರಿಂದ ನೀವು ಹೇಳುವ ಒಂದು ಮಾತಿನಿಂದ ಚಿಕಿತ್ಸೆಯ ದಿಕ್ಕೇ ಬದಲಾದೀತು.

ಉತ್ತರ 2 (ಕೋಲಾರ)

ನಮ್ಮ ಹಿರಿಯರು ತಲೆಮಾರುಗಳಿಂದ ಕೊಟ್ಟಿಗೆ ಗೊಬ್ಬರವನ್ನು ಕೈಯಿಂದಲೇ ಹರಡಿದ್ದಾರಲ್ಲವೇ? ಇಷ್ಟು ಭಯ ಹುಟ್ಟಿಸುವುದು ಅಗತ್ಯವೇ ಎಂದು ನನಗೆ ಅನ್ನಿಸುತ್ತದೆ.

ಉತ್ತರ 3 (ತುಮಕೂರು, ತಾರಸಿ ತೋಟಗಾರ)

ಹೊಲದಲ್ಲಿ ಗಾಳಿ ಆಡುತ್ತದೆ, ಧೂಳು ಚದುರಿಹೋಗುತ್ತದೆ. ಪ್ಲಾಸ್ಟಿಕ್ ಚೀಲದೊಳಗೆ ತೇವ ಮತ್ತು ಬಿಸಿ ಎರಡೂ ಸೇರಿ ವಾರಗಟ್ಟಲೆ ಕೂತಿರುತ್ತವೆ, ಅದನ್ನು ನಾವು ಬಾಲ್ಕನಿಯ ಮೂಲೆಯಲ್ಲಿ ಮುಖದ ಹತ್ತಿರವೇ ಬಿಚ್ಚುತ್ತೇವೆ. ಆದ್ದರಿಂದ ಚೀಲವನ್ನು ತಗಡಿನ ಕೆಳಗಿಡದೆ ತಂಪಾದ ನೆರಳಿನಲ್ಲಿ ಇಡಿ. ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತು, ಹರಿಯುವ ಬದಲು ಕತ್ತರಿಯಿಂದ ಮೂಲೆಯನ್ನು ನಿಧಾನವಾಗಿ ಕತ್ತರಿಸಿ, ಮುಖವನ್ನು ದೂರ ಹಿಡಿಯಿರಿ. ಚೀಲದಲ್ಲಿರುವಾಗಲೇ ಮೆಲ್ಲಗೆ ನೀರು ಚಿಮುಕಿಸಿ, ಹಿಡಿದರೆ ಉಂಡೆಯಾಗುವಷ್ಟು ಹಸಿಯಾದ ಮೇಲೆ ಹೊರತೆಗೆಯಿರಿ. ಪೈಪಿನಿಂದ ರಭಸವಾಗಿ ಬಿಟ್ಟರೆ ತುಂತುರಿನ ಜೊತೆಗೇ ರೋಗಾಣು ಗಾಳಿಗೇರುತ್ತದೆ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಮತ್ತು ರಬ್ಬರ್ ಕೈಗವಸು ಇರಲಿ. ಬೂಷ್ಟಿನ ಬೀಜಕಣಗಳೂ ಅಲರ್ಜಿ, ಉಬ್ಬಸ ಇರುವವರಿಗೆ ಕೆಟ್ಟದ್ದು, ಹಾಗಾಗಿ ಬಿಳಿ ಪದರ ದಟ್ಟವಾಗಿರುವ ಆ ಚೀಲವನ್ನು ಮಾವನವರ ಕೈಗೆ ಕೊಡದೆ ಮನೆಯ ಕಿರಿಯರು ನಿರ್ವಹಿಸುವುದು ಮೇಲು.

ಪ್ರಶ್ನಿಸಿದವರು

ತಿಳಿಸಿದ್ದಕ್ಕೆ ಧನ್ಯವಾದಗಳು. ತಿಪಟೂರಿನ ಕಡೆಯಿಂದ ಬರುವ ತೆಂಗಿನ ನಾರಿನ ಕೋಕೋಪೀಟ್ ಇಟ್ಟಿಗೆಗೂ ಇದೇ ಕ್ರಮವೇ? ಅವರ ಅಂಗೈಯಲ್ಲಿ ಒಂದು ಸೀಳು ಗಾಯವೂ ಇದೆ.

ಉತ್ತರ 1 (ಮತ್ತೆ)

ಇಟ್ಟಿಗೆಯನ್ನು ಒಣಗಿದ್ದಾಗ ಒಡೆಯಬೇಡಿ, ಬಕೆಟ್ಟಿನ ನೀರಿನಲ್ಲಿ ನೆನೆಸಿದರೆ ಅದು ತಾನಾಗಿಯೇ ಬಿಡಿಬಿಡಿಯಾಗುತ್ತದೆ. ಗಾಯ ಪೂರ್ತಿ ಮಾಯುವವರೆಗೆ ಅವರು ಮಣ್ಣು ಮುಟ್ಟದಿರಲಿ, ಏಕೆಂದರೆ ಧನುರ್ವಾಯುವಿನ ರೋಗಾಣು ಮಣ್ಣಿನಲ್ಲೂ ಸಗಣಿಯಲ್ಲೂ ಇರುತ್ತದೆ ಮತ್ತು ಸಕ್ಕರೆ ಕಾಯಿಲೆಯವರ ಗಾಯ ಬೇಗ ಮಾಯುವುದಿಲ್ಲ. ಟಿ.ಟಿ. ಅಥವಾ ಟಿ.ಡಿ. ಚುಚ್ಚುಮದ್ದು ಹಾಕಿಸಿ 10 ವರ್ಷ ಕಳೆದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಕೆಲಸ ಮುಗಿದ ಮೇಲೆ ಕೈಗವಸು ತೆಗೆದು, ಬೀಡಿಯನ್ನಾಗಲಿ ಎಲೆ ಅಡಿಕೆಯನ್ನಾಗಲಿ ಮುಟ್ಟುವ ಮೊದಲೇ ಸಾಬೂನಿನಿಂದ ಕೈ ತೊಳೆಯಲು ಹೇಳಿ.