ಅಪ್‌ಡೇಟ್: ಗೆಳತಿಯ ಸೂಜಿ ಭಯ, ಜೊತೆಗೆ ನನ್ನದೂ

ಗೆಳತಿಗೆ ರಕ್ತ ಪರೀಕ್ಷೆ ಆಗಬೇಕು, ಸೂಜಿ ಕಂಡರೆ ಅವಳಿಗೆ ತಲೆ ಸುತ್ತುತ್ತದೆ, ನನಗೂ ಅದೇ ಕಥೆ, ಹೇಗೆ ಜೊತೆಗೆ ಹೋಗಲಿ ಅಂತ ಕೇಳಿದ್ದೆ ಅಲ್ವಾ? ಪರೀಕ್ಷೆ ಮುಗಿಯಿತು. ಇಬ್ಬರೂ ಬೀಳಲಿಲ್ಲ!

ನೀವು ಹೇಳಿದ್ದರಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಮೈ ಬಿಗಿ ಹಿಡಿಯುವ ಉಪಾಯ. ಸಾಮಾನ್ಯವಾಗಿ ಹೆದರಿದಾಗ ರಕ್ತದೊತ್ತಡ ಏರುತ್ತದೆ. ಸೂಜಿ, ರಕ್ತದ ಭಯ ಇರುವ ಹಲವರಿಗೆ ಮಾತ್ರ ಏರಿದ್ದು ದಿಢೀರ್ ಇಳಿಯುತ್ತದೆ. ಕಣ್ಣು ಕತ್ತಲೆ ಬರುವುದು ಅದಕ್ಕೇ. ಸುಮ್ನೆ "ಆರಾಮಾಗಿರು" ಅಂದರೆ ಏನೂ ಪ್ರಯೋಜನವಿಲ್ಲ. ಕೈ, ಕಾಲು, ಹೊಟ್ಟೆಯನ್ನು 10-15 ಸೆಕೆಂಡ್, ಮುಖ ಬೆಚ್ಚಗಾಗುವ ತನಕ ಬಿಗಿ ಹಿಡಿಯಬೇಕು. ಆಮೇಲೆ 20-30 ಸೆಕೆಂಡ್ ಸಡಿಲ ಬಿಟ್ಟು ಮತ್ತೆ ಬಿಗಿ. ಸೂಜಿ ಚುಚ್ಚುವ ಕೈ ಮಾತ್ರ ಸಡಿಲವಾಗಿರಲಿ. ಮನೆಯಲ್ಲೇ ಇಬ್ಬರೂ ಅಭ್ಯಾಸ ಮಾಡಿದ್ದೆವು.

ಅಲ್ಲಿ ಮೊದಲೇ ಕೇಳಿ ಅವಳನ್ನು ಮಲಗಿಸಿದೆ. ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದ ಕೂಡಲೇ ಅವಳ ತುಟಿ ಬಿಳಚಿಕೊಂಡಿತು. "ಬಿಗಿ ಹಿಡಿ" ಅಂತ ನಾನು ಜೋರಾಗಿ ಎಣಿಸತೊಡಗಿದೆ. ನರ್ಸ್ ನಕ್ಕರು, ನಗಲಿ ಬಿಡಿ. ತುಟಿಗೆ ಬಣ್ಣ ಬಂತಾ ಅಂತ ನೋಡುವುದರಲ್ಲೇ ಇದ್ದೆ. ಹತ್ತಿ ಒತ್ತಿದಾಗಲೇ ಗೊತ್ತಾಗಿದ್ದು, ಟ್ಯೂಬ್ ತುಂಬುವುದನ್ನೂ ನಾನು ನೋಡಿಬಿಟ್ಟಿದ್ದೆ! ಹೆದರಿಕೆ ಇರಲಿಲ್ಲ ಅಂತಲ್ಲ, ಅದಕ್ಕೆ ಗಮನ ಕೊಡಲು ಪುರುಸೊತ್ತಿರಲಿಲ್ಲ.

ಈಗ ಅವಳು ನನ್ನ ಬೆನ್ನು ಹತ್ತಿದ್ದಾಳೆ. ನಾನು ಮುಂದೂಡುತ್ತಾ ಬಂದ ಪರೀಕ್ಷೆಗೆ ಮುಂದಿನ ವಾರ ಹೋಗುತ್ತಿದ್ದೇವೆ. ಈ ಸಲ ಎಣಿಸುವುದು ಅವಳ ಕೆಲಸ.